ಪಾಪಣ್ಣನ ಬೆರಳ ಗೆಣ್ಣು

ಪಾಪಣ್ಣ ಯಾವ ಸೂರಿನ ಕೆಳಗೂ ತಟ್ಟದೆ ಕಾಲಿಟ್ಟವನಲ್ಲ. ಹೊಸೂರಿನ ಪಕ್ಕದ ಮೂಕಂಡಪಲ್ಲಿಯ ಟೀ ಅಂಗಡಿಯಾಗಲಿ, ನಮ್ಮ ಕಾರ್ಖಾನೆಯ ಕ್ಯಾಂಟೀನಾಗಲಿ, ಯಾರದೋ ಮನೆಯಾಗಲಿ, ಬಾಗಿಲಲ್ಲಿ ನಿಂತು ಬಲಗೈ ಎತ್ತಿ ನಡುಬೆರಳ ಗೆಣ್ಣಿನಿಂದ ಮೇಲಿನ ತೊಲೆಯನ್ನೋ ಬಾಗಿಲ ಚೌಕಟ್ಟನ್ನೋ ಕುಟ್ಟುವನು. ಕುಟ್ಟಿ ಕುಟ್ಟಿ ಆ ಗೆಣ್ಣು ಹುಣಸೆ ಬೀಜದ ಹಾಗೆ ಗಟ್ಟಿಯಾಗಿ, ಕಪ್ಪಗೆ ಹೊಳೆಯುತ್ತಿತ್ತು. ಆಮೇಲೆ ಪಕ್ಕದಲ್ಲಿ ಯಾರಿದ್ದರೂ ಸರಿ, ಅವರ ಮುಖವನ್ನೇ ನೋಡುತ್ತ ಕೇಳುವನು: "ಏನ್ ಕೇಳುಸ್ತು ಯೋಳು? ಗಟ್ಟಿನಾ, ಟೊಳ್ಳಾ?"

ಉತ್ತರ ಬರುವ ತನಕ ಒಳಗೆ ಹೋಗುತ್ತಿರಲಿಲ್ಲ. ಸೂಳಗಿರಿಗೆ ನನಗೆ ಹೆಣ್ಣು ನೋಡಲು ಹೋದಾಗ ಹಿರಿಯನ ಲೆಕ್ಕದಲ್ಲಿ ಅವನನ್ನೂ ಕರೆದುಕೊಂಡು ಹೋಗಿದ್ದೆವು. ಅಲ್ಲೂ ಬಾಗಿಲಲ್ಲಿ ನಿಂತು ಕುಟ್ಟಿ, ನನ್ನ ಮಾವನಾಗಬೇಕಾದವರನ್ನೇ ಕೇಳಿಬಿಟ್ಟ. ಪಾಪ, ಅವರು ತಬ್ಬಿಬ್ಬಾಗಿ, "ಗಟ್ಟಿ ಐತೆ ಸ್ವಾಮಿ, ಹೋದ ವರ್ಷ ತಾನೇ ಹೊಸ ಮರ ಹಾಕ್ಸಿದ್ದು" ಎಂದರು. ಪಾಪಣ್ಣ ಸಮಾಧಾನದಿಂದ ಒಳಗೆ ಹೋಗಿ ಚಾಪೆಯ ಮೇಲೆ ಕೂತ. ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಆ ನಕ್ಕವಳೇ ಇವತ್ತು ನನ್ನ ಹೆಂಡತಿ. ನಲವತ್ತು ವರ್ಷ ಹತ್ತಿರವಾದರೂ ಆ ಮಾತು ಎತ್ತಿ ಈಗಲೂ ನಗುತ್ತಾಳೆ. ನನಗೆ ನಗು ಬರುವುದಿಲ್ಲ. ಯಾಕೆ ಅನ್ನುವುದನ್ನು ಹೇಳಬೇಕೆಂದೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಅವಲಪಲ್ಲಿಯವನು. ಮನೆಯಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದರು. ಹೊಸೂರಿನ ಸುತ್ತ ಒಂದೊಂದಾಗಿ ಕಾರ್ಖಾನೆ ಎದ್ದ ಕಾಲದಲ್ಲಿ ನಾನೂ ಸೈಕಲ್ ತುಳಿದುಕೊಂಡು ಹೋಗಿ ಒಂದು ಎರಕದ ಕಾರ್ಖಾನೆ ಸೇರಿದೆ. ಲಾರಿಗಳಿಗೆ ಬೇಕಾದ ದಪ್ಪ ದಪ್ಪ ಬಿಡಿಭಾಗಗಳನ್ನು ಅಲ್ಲಿ ಎರಕ ಹೊಯ್ಯುತ್ತಿದ್ದರು. ಎರಕದ ತುಂಡನ್ನು ಚೈನಿಗೆ ತೂಗುಹಾಕಿ ಸುತ್ತಿಗೆಯಿಂದ ಒಂದೇಟು ಹೊಡೆದರೆ, ಒಳಗೆ ಬಿರುಕಿಲ್ಲದಿದ್ದರೆ ಗಂಟೆಯ ಹಾಗೆ ಠಣ್ ಎಂದು ನಾದ ಬರುತ್ತದೆ. ಬಿರುಕಿದ್ದರೆ ಡೊಬ್ ಎನ್ನುತ್ತದೆ. ಹಾಗೆ ಹೊಡೆದು ನೋಡಿ ಒಳ್ಳೆಯದನ್ನು ಈ ಕಡೆ, ಕೆಟ್ಟದ್ದನ್ನು ಆ ಕಡೆ ಹಾಕುವ ಕೆಲಸ ಪಾಪಣ್ಣನದು. ಮೊದಲಿದ್ದ ಜೊತೆಗಾರ ಕೆಲಸ ಬಿಟ್ಟಿದ್ದರಿಂದ ನನ್ನನ್ನು ಅವನ ಜೊತೆಗೆ ಹಾಕಿದರು. ಆಗ ಅವನಿಗೆ ನಲವತ್ತೈದರ ಮೇಲಿರಬಹುದು. ಕುಳ್ಳ, ಅಗಲ ಭುಜ, ಎಡ ಭುಜ ಸ್ವಲ್ಪ ಜಗ್ಗಿತ್ತು. ಮದುವೆ ಇಲ್ಲ. ಮೂಕಂಡಪಲ್ಲಿಯಲ್ಲಿ ಶೀಟು ಹೊದಿಸಿದ ಒಂದು ಕೋಣೆಯಲ್ಲಿ ಒಬ್ಬನೇ ಇದ್ದ. ಬಂಗಾರಪೇಟೆಯ ಆಚೆಗಿನ ಚಿನ್ನದ ಗಣಿಯಲ್ಲಿ ಮೊದಲು ಕೆಲಸಕ್ಕಿದ್ದನೆಂಬುದು ಎಲ್ಲರಿಗೂ ಗೊತ್ತಿತ್ತು. ಯಾಕೆ ಬಿಟ್ಟು ಬಂದ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅವನ ಕೆಲಸದ ರೀತಿಯೇ ಬೇರೆ. ಎಡಗೈ ಬೆರಳ ತುದಿಗಳನ್ನು ಚೈನಿಗೆ ಮೆಲ್ಲಗೆ ತಾಗಿಸಿ ನಿಲ್ಲುವನು. ಬಲಗೈಯಿಂದ ಸುತ್ತಿಗೆ ಹೊಡೆಯುವನು. ಹೊಡೆದು ನನ್ನ ಕಡೆ ತಿರುಗಿ, "ಏನ್ ಕೇಳುಸ್ತು?" ಎನ್ನುವನು. ನಾನು ಗಟ್ಟಿ ಅಂದರೆ ಗಟ್ಟಿ, ಟೊಳ್ಳು ಅಂದರೆ ಟೊಳ್ಳು. ಮೊದಮೊದಲು ನನಗೆ ಎಲ್ಲವೂ ಒಂದೇ ಹಾಗೆ ಕೇಳಿಸುತ್ತಿತ್ತು. ತಪ್ಪು ಹೇಳಿದೆನೆಂದು ಅವನ ಬೆರಳಿಗೆ ಅನುಮಾನ ಬಂದರೆ ಬಯ್ಯುತ್ತಿರಲಿಲ್ಲ, ಮತ್ತೆ ಹೊಡೆಯುವನು, ಮತ್ತೆ ಕೇಳುವನು. ಒಂದೇ ತುಂಡನ್ನು ಹತ್ತು ಸಲ ಹೊಡೆದದ್ದೂ ಉಂಟು. ಆರು ತಿಂಗಳಲ್ಲಿ ನನ್ನ ಕಿವಿ ಎಷ್ಟು ಹರಿತವಾಯಿತೆಂದರೆ, ಅಮ್ಮ ಅಡುಗೆಮನೆಯಲ್ಲಿ ಮಡಕೆ ಇಟ್ಟ ಸದ್ದಿನಲ್ಲೇ ಅದು ಎಲ್ಲಿ ಸೀಳಿದೆ ಎಂದು ಹೇಳುತ್ತಿದ್ದೆ. ಪಾಪಣ್ಣ ನನಗೆ ವಿದ್ಯೆ ಕಲಿಸುತ್ತಿದ್ದಾನೆ, ಪರೀಕ್ಷೆ ಮಾಡುತ್ತಿದ್ದಾನೆ ಎಂದೇ ನಾನು ತಿಳಿದಿದ್ದೆ. ಕಾರ್ಖಾನೆಯಲ್ಲಿ ಎಲ್ಲರೂ ಹಾಗೇ ತಿಳಿದಿದ್ದರು. ಇಂಥ ಗುರು ಸಿಗಬೇಕಲ್ಲ ಎಂದು ಸೂಪರ್‌ವೈಸರ್ ಕೂಡ ಹೊಗಳುತ್ತಿದ್ದರು.

ಮೂರು ವರ್ಷ ಹೀಗೆ ನಡೆಯಿತು. ಒಂದು ದಿನ ಹೊರಗೆ ಲಾರಿ ಕಾಯುತ್ತ ನಿಂತಿತ್ತು, ಲೋಡು ಮುಗಿಸಬೇಕಿತ್ತು, ನನಗೋ ಹಸಿವು. ಒಂದರ ಮೇಲೊಂದು ತುಂಡು ಬರುತ್ತಿತ್ತು. ನಾನು ಗಟ್ಟಿ, ಗಟ್ಟಿ, ಗಟ್ಟಿ ಎಂದು ಜಪ ಮಾಡಿದ ಹಾಗೆ ಹೇಳುತ್ತಿದ್ದೆ. ಇದ್ದಕ್ಕಿದ್ದಂತೆ ಕೆನ್ನೆಯ ಮೇಲೆ ಫಟಾರನೆ ಏಟು ಬಿತ್ತು. ನೋಡಿದರೆ ಪಾಪಣ್ಣನ ಸುತ್ತಿಗೆ ಇನ್ನೂ ಮೇಲಕ್ಕೆತ್ತಿದ ಹಾಗೇ ಇತ್ತು. ಚೈನು ಬಿಟ್ಟ ಎಡಗೈಯಿಂದ ಹೊಡೆದಿದ್ದ.

"ನಾನಿನ್ನೂ ಹೊಡ್ದೇ ಇಲ್ಲ" ಎಂದ. "ಅದೇನ್ ಕೇಳುಸ್ತ್ಲಾ ನಿಂಗೆ?"

ಹಿಂದೆ ಎಂದೂ ಯಾರ ಮೇಲೂ ಕೈಯೆತ್ತಿದವನಲ್ಲ. ನಾನು ಪಕ್ಕದಲ್ಲಿದ್ದ ಡಬ್ಬ ಒದ್ದು ಹೊರಗೆ ಹೋದೆ. ನನ್ನ ಸಿಟ್ಟು ಆಗ ಮೂಗಿನ ತುದಿಯಲ್ಲೇ ಇರುತ್ತಿತ್ತು. ಸಂಜೆ ಅವನೇ ನಮ್ಮ ಮನೆಗೆ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಬಂದ. ಚೌಕಟ್ಟು ಕುಟ್ಟಿದ. ನಮ್ಮಮ್ಮ ಅಭ್ಯಾಸದ ಮೇಲೆ "ಗಟ್ಟಿ ಐತೆ, ಬಾಪ್ಪ" ಅಂದಳು. ಜಗುಲಿಯ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂತ.

"ಕಿವಿಗ್ ಬೀಳ್ದೆ ಯೋಳ್ಬ್ಯಾಡ ಕಣ್ಲಾ" ಎಂದ. "ಒಬ್ಬ ಅಂಗ್ ಯೋಳಿದ್ದ. ಇನ್ನೊಬ್ಬ ಹೋಗ್ಬುಟ್ಟ."

ಯಾರು, ಎಲ್ಲಿ ಎಂದು ನಾನು ಕೇಳಿದೆ. ಅವನು ಎದ್ದು ಹೋದ.

ಅದೇ ವಾರ ನಮ್ಮ ಪ್ರವಾಸದ ಮಾತು ಎದ್ದಿತು. ಶನಿವಾರ ಕರೆಂಟ್ ಇಲ್ಲವೆಂದು ರಜೆ, ಭಾನುವಾರ ಹೇಗೂ ರಜೆ. ಮೈಸೂರು ಕಡೆಯಿಂದ ಕೆಲಸಕ್ಕೆ ಬಂದಿದ್ದ ಮೂರ್ತಿ, ಹೊಸೂರಿನವನೇ ಆದ ಸಾದಿಕ್, ನಾನು, ಮೂವರೂ ಒಂದೇ ಶಿಫ್ಟಿನವರು. ಸಾದಿಕ್ ಹತ್ತಿರ ಅವನ ಚಿಕ್ಕಪ್ಪನ ಎರಡು ಸೈಲೆನ್ಸರಿನ ಹಳೇ ಮೋಟಾರ್ ಸೈಕಲ್ ಇತ್ತು. ನಾನೂ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹಿಡಿದಿದ್ದೆ. ಮೂರ್ತಿಗೆ ಚಿನ್ನದ ಗಣಿ ಊರು ನೋಡುವ ಹುಚ್ಚು. ಅಲ್ಲಿ ಮರಳುಗಾಡೇ ಇದೆಯಂತೆ, ಗುಡ್ಡ ಗುಡ್ಡ ಬೂದಿ ಮರಳಂತೆ ಎಂದು ಎಲ್ಲೋ ಕೇಳಿಕೊಂಡು ಬಂದಿದ್ದ. "ಪಾಪಣ್ಣೋರೆ, ನೀವ್ ಬಂದ್ರೆ ಎಲ್ಲಾ ತೋರಿಸ್ತೀರ, ಬನ್ನಿ ಅಂದ್ರೆ" ಎಂದು ಮೂರ್ತಿ ದುಂಬಾಲು ಬಿದ್ದ. ಪಾಪಣ್ಣ ಇಲ್ಲವೆಂದು ತಲೆಯಾಡಿಸಿಬಿಟ್ಟ. ಅಲ್ಲಿಗೆ ಮಾತ್ರ ಅವನು ಬರುವುದಿಲ್ಲವೆಂದು ನಾವೂ ಕೈಬಿಟ್ಟೆವು.

ಶುಕ್ರವಾರ ಶಿಫ್ಟು ಬಿಟ್ಟಾಗ ಸ್ಟ್ಯಾಂಡಿನಲ್ಲಿ ನನ್ನ ಗಾಡಿಯ ಪಕ್ಕದಲ್ಲಿ ಪಾಪಣ್ಣ ನಿಂತಿದ್ದ. ಪೆಟ್ರೋಲ್ ಟ್ಯಾಂಕನ್ನು ಗೆಣ್ಣಿನಿಂದ ಕುಟ್ಟಿದ.

"ಏನ್ ಕೇಳುಸ್ತು?"

"ಟೊಳ್ಳು ಕಣಣ್ಣ. ಅರ್ಧಾನೂ ಇಲ್ಲ."

"ತುಂಬ್ಸು. ನಾನೂ ಬತ್ತೀನಿ."

ಬಾಗಲೂರು ದಾಟಿ ಮಾಲೂರು, ಅಲ್ಲಿಂದ ಟೇಕಲ್ ದಾರಿ. ಬೆಳಗ್ಗೆ ಆರಕ್ಕೇ ಹೊರಟೆವು. ಮುಂದೆ ಸಾದಿಕ್, ಅವನ ಹಿಂದೆ ಹಾಡಿಕೊಂಡು ಮೂರ್ತಿ. ನನ್ನ ಹಿಂದೆ ಪಾಪಣ್ಣ. ನಾನು ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದೆ. ಹಿಂದಿನಿಂದ ಮಾತಿಲ್ಲ. ಆಗೊಮ್ಮೆ ಈಗೊಮ್ಮೆ ನನ್ನ ಬೆನ್ನಿನ ಮೇಲೆ ಒಂದು ಸಲ ತಟ್ಟುವನು. ಹ್ಞೂ ಎನ್ನುತ್ತಿದ್ದಾನೆ, ಗಾಳಿಗೆ ಬಾಯಿ ತೆರೆಯಲು ಬೇಸರವಿರಬೇಕು ಎಂದುಕೊಂಡೆ. ಟೇಕಲ್ಲಿನ ಬಂಡೆಗುಡ್ಡಗಳ ಹತ್ತಿರ ಒಂದು ತಿರುವಿನಲ್ಲಿ ಬೆನ್ನಿಗೆ ಪಟಪಟನೆ ಎರಡೇಟು ಬಿತ್ತು. ಗಾಬರಿಯಲ್ಲಿ ಬ್ರೇಕು ಹಿಡಿದೆ. ಮುಂದೆ ಮೋರಿ ಕುಸಿದು ಅರ್ಧ ರಸ್ತೆಯೇ ಇರಲಿಲ್ಲ. ಹರಟೆಯ ಭರದಲ್ಲಿ ನಾನು ನೋಡಿರಲಿಲ್ಲ.

"ಎರಡ್ ಸಲ ತಟ್ಟಿದ್ರೆ ನಿಲ್ಸ್‌ಬೇಕು" ಎಂದ ಇಳಿದು. "ಒಂದ್ ಸಲ ಆದ್ರೆ ಹೋಗ್ಬೋದು."

ಇದ್ಯಾವ ಊರಿನ ಕಾಯಿದೆ ಅಣ್ಣ ಎಂದು ನಾನು ನಕ್ಕೆ. ಅವನು ನಗಲಿಲ್ಲ.

ಬಂಗಾರಪೇಟೆಯಲ್ಲಿ ಲಾಡ್ಜ್ ಹಿಡಿದು, ಊಟ ಮಾಡಿ, ಗಣಿ ಊರಿಗೆ ಹೋದೆವು. ಅಂಥ ಊರನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಕಾಶಕ್ಕೆ ಎದ್ದು ನಿಂತ ಕಬ್ಬಿಣದ ರಾಟೆ ಗೋಪುರಗಳು. ಕೆಲವು ತಿರುಗುತ್ತಿದ್ದವು, ಹಳೆಯವು ತುಕ್ಕು ಹಿಡಿದು ನಿಂತುಹೋಗಿದ್ದವು. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹುಡಿಯನ್ನು ಎಷ್ಟೋ ವರ್ಷದಿಂದ ಸುರಿದು ಸುರಿದು ಗುಡ್ಡಗಳಾಗಿದ್ದವು. ಊರಿನವರು ಅದನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಅದರ ಮೇಲೆ ಒಂದು ಹುಲ್ಲುಕಡ್ಡಿ ಇಲ್ಲ, ಒಂದು ಇರುವೆಯೂ ಇಲ್ಲ. ಗಾಳಿ ಬೀಸಿದರೆ ಬೂದಿ ಬಣ್ಣದ ಧೂಳೆದ್ದು ಹಲ್ಲಿನ ಸಂದಿಗೂ ಸೇರುತ್ತಿತ್ತು. ಮೂರ್ತಿ ಚಪ್ಪಲಿ ಕಳಚಿ, "ನೋಡ್ರಯ್ಯಾ, ಒಂಟೆ ಒಂದೇ ಕಮ್ಮಿ" ಎಂದು ಗುಡ್ಡ ಹತ್ತಿದ. ಸಾದಿಕ್ ಅವನ ಹಿಂದೆ ಓಡಿದ.

ಪಾಪಣ್ಣ ಬುಡದಲ್ಲೇ ಕೂತ. ನಾನೂ ಕೂತೆ. ಎದುರಿಗೆ ನಿಂತುಹೋದ ಒಂದು ರಾಟೆ ಗೋಪುರ. ಅವನು ಅದನ್ನೇ ನೋಡುತ್ತಿದ್ದ. ಬಿಸಿಲು ಇಳಿಯುತ್ತಿತ್ತು. ಆಗ ಹೇಳಿದ.

"ಒಳಗ್ ಹೋದ್ರೆ ಮೊದ್ಲು ತಲೆ ಮ್ಯಾಗಳ ಬಂಡೇನ ಹಾರೇಲಿ ತಟ್ಟಿ ನೋಡ್ಬೇಕು ಕಣ್ಲಾ. ಠಣ್ ಅಂದ್ರೆ ಗಟ್ಟಿ, ಕೆಲ್ಸ ಮಾಡ್ಬೋದು. ಡೊಬ್ ಅಂದ್ರೆ ಟೊಳ್ಳು. ಬಂಡೆ ಬುಟ್ಕಂಡೈತೆ, ಕೆಡವ್ಬೇಕು, ಇಲ್ಲ ಮರ ಕೊಟ್ಟು ನಿಲ್ಲಿಸ್ಬೇಕು. ನಮ್ ಗ್ಯಾಂಗ್ನಾಗೆ ತಟ್ಟೋ ಕೆಲ್ಸ ನಂದು. ನಾನ್ ಗಟ್ಟಿ ಅನ್ನೋವರ್ಗೂ ಒಬ್ರೂ ಒಳಕ್ ಕಾಲಿಡಂಗಿಲ್ಲ. ಆದ್ರೆ ಹತ್ ವರ್ಷ ಡ್ರಿಲ್ ಮಿಷನ್ ಹಿಡ್ದೋನ್ಗೆ ಕಿವಿ ಎಲ್ಲಿ ಉಳೀತದೆ? ಮೊದ್ಲು ಹಕ್ಕಿ ಕೂಗೋದ್ ಹೋಯ್ತು. ಆಮ್ಯಾಕೆ ಆ ಠಣ್ ಅನ್ನೋದೇ ಹೋಯ್ತು."

ನಾನು ಅವನ ಮುಖ ನೋಡಿದೆ.

"ಊಂ ಕಣ್ಲಾ. ನಂಗ್ ಕೇಳ್ಸಲ್ಲ. ಎದುರ್ಗೆ ಬಾಯ್ ನೋಡಿದ್ರೆ ಮಾತು ತಿಳೀತದೆ, ಅಷ್ಟೇಯ. ಮೂರ್ ವರ್ಷದಿಂದ ನೀನ್ ಯೋಳಿದ್ದೇ ನಂಗೆ ಕಿವಿ."

ನಿಜ ಹೇಳುತ್ತೇನೆ, ಆಗ ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಮೂರು ವರ್ಷ ಎಷ್ಟು ಲಾರಿಗಳಿಗೆ ಆ ಎರಕ ಹೋಗಿದೆ, ಎಲ್ಲವೂ ನನ್ನೊಬ್ಬನ ಮಾತಿನ ಮೇಲೆ. ನಾನು ಎಷ್ಟು ಸಲ ನಿದ್ದೆಗಣ್ಣಲ್ಲಿ ಹೇಳಿದ್ದೇನೆ, ಎಷ್ಟು ಸಲ ಬೇಸರದಲ್ಲಿ ಹೇಳಿದ್ದೇನೆ. ಕೆನ್ನೆಗೆ ಬಿದ್ದ ಏಟು ಯಾಕೆಂದು ಆಗ ತಿಳಿಯಿತು.

ಗಣಿಯಲ್ಲಿ ಈ ಗುಟ್ಟು ಗೊತ್ತಿದ್ದವನು ಒಬ್ಬನೇ, ಅಂತೋಣಿ. ಇಬ್ಬರೂ ಒಂದೇ ಗ್ಯಾಂಗು, ಒಂದೇ ಸಾಲು ಮನೆ. ಪಾಪಣ್ಣ ಹಾರೆಯಿಂದ ತಟ್ಟುವನು. ಹಿಂದೆ ನಿಂತ ಅಂತೋಣಿ ಸದ್ದು ಕೇಳಿ ಅವನ ಬೆನ್ನು ತಟ್ಟುವನು. ಗಟ್ಟಿಯಾಗಿದ್ದರೆ ಒಂದು ಸಲ, ಟೊಳ್ಳಾಗಿದ್ದರೆ ಎರಡು ಸಲ. ಪಾಪಣ್ಣ ಅದನ್ನು ತನ್ನದೇ ತೀರ್ಮಾನವೆಂಬಂತೆ ಕೂಗಿ ಹೇಳುವನು. ಹೀಗೆ ಎರಡು ವರ್ಷ ನಡೆದಿತ್ತು. ಕಿವಿ ಹೋಗಿದೆಯೆಂದು ತಿಳಿದರೆ ಮೇಲಿನ ಕೆಲಸಕ್ಕೆ ಹಾಕುತ್ತಾರೆ. ಒಳಗಿನ ಕೆಲಸಗಾರನೆಂದರೆ ಆ ಊರಿನಲ್ಲಿ ಒಂದು ತೂಕ. ಪಾಪಣ್ಣನಿಗೆ ಅದನ್ನು ಬಿಡಲು ಮನಸ್ಸಿಲ್ಲ.

"ಒಂದಿನ ಅಂತೋಣಿ ಅಂದ, ಡಾಕ್ಟರ್ ತಾವ ಹೋಗಿ ನೀನೇ ಯೋಳು, ಇಲ್ಲಾಂದ್ರೆ ನಾನ್ ಯೋಳ್ತೀನಿ. ನಂಗೆ ರೋಷ ಬಂದ್‌ಬುಡ್ತು. ಯೋಳಿದ್ರೆ ನಿನ್ ಬಾಗ್ಲು ತುಳಿಯಲ್ಲ ಅಂದ್ಬುಟ್ಟೆ. ಮೂರ್ ದಿನ ಮಾತಿಲ್ಲ. ಎರಡ್ ದಿನ ಮಾತಿಲ್ದೇನೇ ಬೆನ್ ತಟ್ದ. ಮೂರ್ನೇ ದಿನ ಅದೂ ಬ್ಯಾಡ ಅಂತ ನಾನ್ ಅವನ್ಗೆ ಕಾಯ್ಲಿಲ್ಲ. ಒಬ್ನೇ ಮುಂದುಕ್ ಹೋಗಿ ತಟ್ಟಿ, ಗಟ್ಟಿ ಅಂತ ಕೂಗ್‌ಬುಟ್ಟೆ. ಅವ್ನು ನನ್ ಮಾತ್ ನಂಬ್ಕೊಂಡು ಒಳಕ್ ಬಂದ. ಬಂಡೆ ಬಿತ್ತು. ಆ ಗಾಳಿಗೆ ನಾನ್ ಮುಂದುಕ್ಕೆ ಬಿದ್ದು ಭುಜ ಮುರ್ಕಂಡೆ. ಅವನು ಅಲ್ಲೇ ಹೋದ."

ಆಸ್ಪತ್ರೆಯಿಂದ ಬಿಟ್ಟ ದಿನ ಮನೆಗೂ ಹೋಗದೆ ಹೊಸೂರಿಗೆ ಬಸ್ಸು ಹತ್ತಿದವನು ಹನ್ನೊಂದು ವರ್ಷ ತಿರುಗಿ ನೋಡಿರಲಿಲ್ಲ. ಅಂತೋಣಿಯ ಹೆಂಡತಿ ರೋಸಮ್ಮ ಇನ್ನೂ ಅದೇ ಸಾಲು ಮನೆಯಲ್ಲಿದ್ದಾಳೆಂದು ಯಾರೋ ಹೇಳಿದ್ದರಂತೆ.

"ನಿನ್ ಕೆನ್ನೆಗ್ ಹೊಡ್ದೆನಲ್ಲ, ಆವತ್ ಅನ್ನುಸ್ತು. ನಿಂಗೇನೋ ಹೊಡ್ದೆ. ನಂಗ್ ಹೊಡಿಯೋರ್ ಯಾರು? ಆಯಮ್ಮನ ಮುಂದೆ ನಿಂತು ಯೋಳ್‌ಬುಡ್ಬೇಕು. ನಾಳೆ ನೀನ್ ಜತೇಲಿ ಬಾ. ಆಯಮ್ಮ ಏನಂದ್ರೂ ನಂಗ್ ತಿಳೀಬೇಕು. ಒಂದ್ ಮಾತೂ ಬುಡಂಗಿಲ್ಲ."

ಭಾನುವಾರ ಬೆಳಗ್ಗೆ ಮೂರ್ತಿ, ಸಾದಿಕ್ ಇಬ್ಬರನ್ನೂ ಟೀ ಅಂಗಡಿಯಲ್ಲಿ ಕೂರಿಸಿ ನಾವಿಬ್ಬರೇ ಹೋದೆವು. ಉದ್ದಕ್ಕೆ ಸಾಲು ಮನೆಗಳು. ಬಿದಿರು ತಟ್ಟಿಯ ಗೋಡೆ, ಮೇಲೆ ತಗಡು. ಚರ್ಚಿನಿಂದ ಜನ ಆಗತಾನೇ ಬರುತ್ತಿದ್ದರು. ಒಂದು ಮನೆಯ ಮುಂದೆ ತಲೆಗೆ ಬಿಳಿ ಸೆರಗು ಹೊದ್ದಿದ್ದ ಹೆಂಗಸೊಬ್ಬಳು ಬೀಗ ತೆಗೆಯುತ್ತಿದ್ದಳು. ಪಾಪಣ್ಣನ ಹೆಜ್ಜೆ ಅಲ್ಲೇ ನಿಂತಿತು. ಅವಳು ತಿರುಗಿ ನೋಡಿದಳು. ಗುರುತು ಹಿಡಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಬಾಗಿಲು ತೆರೆದು ಒಳಗೆ ಹೋಗಿ ನಿಂತಳು.

ಪಾಪಣ್ಣ ಬಾಗಿಲಿಗೆ ಬಂದ. ಅಭ್ಯಾಸದ ಮೇಲೆ ಬಲಗೈ ಮೇಲಕ್ಕೆ ಹೋಯಿತು. ಅರ್ಧದಲ್ಲೇ ತಡೆದುಕೊಂಡು ಕೈ ಇಳಿಸಿದ.

"ತಟ್ಟು" ಎಂದಳು ರೋಸಮ್ಮ. ತಮಿಳಿನ ಎಳೆತವಿದ್ದ ಕನ್ನಡ. "ತಟ್ದೆ ಯಾವತ್ ಒಳಗೆ ಬಂದಿದೀಯ ನೀನು."

ಅವನು ತಟ್ಟಿದ. ನನ್ನನ್ನು ಕೇಳುವ ಮೊದಲೇ ಅವಳು ಹೇಳಿದಳು: "ಗಟ್ಟಿ ಇದೆ. ಬಾ."

ಅಂತೋಣಿಗೆ ಗೊತ್ತಿದ್ದ ಗುಟ್ಟು ಅವನ ಹೆಂಡತಿಗೂ ಗೊತ್ತಿತ್ತೆಂದು ನನಗೆ ಆಗಲೇ ಹೊಳೆಯಿತು. ಪಾಪಣ್ಣನಿಗೆ ಹೊಳೆಯಿತೋ ಇಲ್ಲವೋ. ಅವನು ನೆಲದ ಮೇಲೆ ಕೂತು, ತಲೆ ತಗ್ಗಿಸಿ, ನನಗೆ ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳಿದ. ಜಗಳವಾಡಿದ್ದು, ಕಾಯದೆ ಮುಂದೆ ಹೋದದ್ದು, ಕೇಳಿಸದೆಯೇ ಗಟ್ಟಿ ಎಂದದ್ದು. "ನನ್ ಮಾತ್ ನಂಬಿ ಬಂದ ತಾಯಿ, ನಾನೇ ಕೊಂದೆ" ಎಂದು ಮುಗಿಸಿದ.

ರೋಸಮ್ಮ ಗೋಡೆಯ ಕಡೆಗೆ ತಿರುಗಿಕೊಂಡಳು. ಗೋಡೆಯ ಮೇಲೆ ಅಂತೋಣಿಯ ಫೋಟೋ ಇತ್ತು. ನಗುಮುಖ, ತಲೆಗೆ ದೀಪ ಸಿಕ್ಕಿಸಿದ ಟೋಪಿ. ಆ ಫೋಟೋಗೇ ಹೇಳುವ ಹಾಗೆ ಮೆಲ್ಲಗೆ ಅವಳು ಹೇಳಿದ್ದು ಇಷ್ಟು:

"ನಮ್ಮ ಯಜಮಾನರು ಅವನ ಮಾತು ನಂಬಿ ಹೋಗ್ಲಿಲ್ಲ. ಬಂಡೆ ಟೊಳ್ಳು ಅಂತ ಹಿಂದೆ ನಿಂತವರಿಗೆಲ್ಲಾ ಕೇಳಿಸ್ತು. ಇವರು ಎರಡು ಸಲ ಕೂಗಿದ್ರಂತೆ, ಪಾಪಣ್ಣಾ ಬಾ, ಪಾಪಣ್ಣಾ ಬಾ ಅಂತ. ಅವನಿಗೆ ಕೇಳಿಸ್ಲಿಲ್ಲ. ಬೆನ್ನು ತಟ್ಟೋಕೆ ಓಡಿದ್ರು. ತಟ್ಟೋಕೆ ಟೈಮ್ ಇರ್ಲಿಲ್ಲ, ತಳ್ಳಿಬಿಟ್ರು. ಜೊತೆ ಇದ್ದವರು ಬಂದು ಹೇಳಿದ್ರು ನನಗೆ."

ಅವಳ ತುಟಿ ಪಾಪಣ್ಣನಿಗೆ ಕಾಣಿಸುತ್ತಿರಲಿಲ್ಲ. ಅವಳ ಬೆನ್ನು ಅಲುಗುವುದಷ್ಟೇ ಕಾಣುತ್ತಿತ್ತು. ಅವನು ನನ್ನ ಕಡೆ ತಿರುಗಿದ.

"ಏನ್ ಕೇಳುಸ್ತು ಯೋಳ್ಲಾ?"

ಮೂರು ವರ್ಷದಲ್ಲಿ ಸಾವಿರ ಸಲ ಕೇಳಿದ್ದ ಪ್ರಶ್ನೆ. ನಿನ್ನ ತಪ್ಪಲ್ಲ ಅಂದಳು, ಅಳುತ್ತಿದ್ದಾಳೆ ಅಷ್ಟೇ ಅಂದುಬಿಡಬಹುದಿತ್ತು. ಹನ್ನೊಂದು ವರ್ಷದಿಂದ ಗಾಳಿ ತಳ್ಳಿತೆಂದು ನಂಬಿದವನಿಗೆ, ತಳ್ಳಿದ್ದು ಅಂತೋಣಿಯ ಕೈ ಎಂದು ಹೇಗೆ ಹೇಳಲಿ? ಪಾಪಣ್ಣ ನನ್ನ ತುಟಿಯನ್ನೇ ನೋಡುತ್ತಿದ್ದ. ಕಿವಿಗೆ ಬೀಳದೆ ಹೇಳಬಾರದು ಎಂದವನು, ಕಿವಿಗೆ ಬಿದ್ದದ್ದನ್ನು ಬಚ್ಚಿಟ್ಟರೆ ಒಪ್ಪುತ್ತಾನೆಯೇ? ನಾನು ಎದುರಿಗೆ ಕೂತು, ಅವನಿಗೆ ತಿಳಿಯುವ ಹಾಗೆ ನಿಧಾನವಾಗಿ ಬಾಯಿ ಬಿಟ್ಟು ಎಲ್ಲವನ್ನೂ ಹೇಳಿದೆ. ಎರಡು ಸಲ ಕೂಗಿದ್ದು. ಓಡಿ ಬಂದದ್ದು. ತಳ್ಳಿದ್ದು.

ಪಾಪಣ್ಣ ಬಲಗೈಯಿಂದ ತನ್ನ ಎಡ ಭುಜ ಹಿಡಿದುಕೊಂಡ. ಹಿಂಭಾಗಕ್ಕೆ, ಕೈ ಎಟುಕುವಷ್ಟು ದೂರ, ಬೆನ್ನು ತಡವಿಕೊಂಡ. ಅವನು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ನಾನೂ ಅತ್ತೆ. ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ರೋಸಮ್ಮ ತಿರುಗಿ ಬಂದು ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಈಗ ಅವಳ ಮುಖ ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ಅವಳು ಬೇಕೆಂದೇ ಹಾಗೆ ಕೂತಳು ಅನಿಸುತ್ತದೆ.

"ಅವರು ಕೂಗಿದ್ದು ನಿನಗೆ ಕೇಳಿಸ್ಲಿಲ್ಲ. ಅದಕ್ಕೆ ನಾನು ಏನೂ ಅನ್ನಲ್ಲ. ಆದ್ರೆ ನೀನು ಒಂದು ಸಲ ಬರ್ಲಿಲ್ಲ. ಹನ್ನೊಂದು ವರ್ಷ ನಾನು ಬಾಗಿಲು ನೋಡಿದೆ. ಅವರು ಯಾರಿಗೆ ಅಂತ ಪ್ರಾಣ ಬಿಟ್ರೋ ಆ ಮನುಷ್ಯನ ಮುಖ ನಾನು ನೋಡ್ಬೇಡ್ವಾ? ಕಿವಿ ಹೋಗಿತ್ತು, ಸರಿ. ಕಾಲು ಹೋಗಿತ್ತಾ?"

ಇದನ್ನು ನಾನು ತಿಳಿಸಿ ಹೇಳಬೇಕಾಗಿರಲಿಲ್ಲ. ಪಾಪಣ್ಣನ ತಲೆ ಇನ್ನಷ್ಟು ತಗ್ಗಿತು. ಅವಳು ಅವನ ಗಲ್ಲ ಹಿಡಿದು ಮೇಲಕ್ಕೆತ್ತಿ, ತುಟಿ ಕಾಣುವ ಹಾಗೆ ಇನ್ನೊಂದು ಮಾತು ಹೇಳಿದಳು. "ಇನ್ಮೇಲೆ ತಿಂಗಳಿಗೆ ಒಂದು ಸಲ ಬರ್ಬೇಕು. ಸಾಯೋವರೆಗೂ. ತಪ್ಪಿದ್ರೆ ನಾನು ಕ್ಷಮಿಸಲ್ಲ." ಆಮೇಲೆ ಎದ್ದು ಒಲೆ ಹಚ್ಚಿ ನಮ್ಮಿಬ್ಬರಿಗೂ ಪಡ್ಡಿನಂಥ ಪಣಿಯಾರ ಹೊಯ್ದುಕೊಟ್ಟಳು. ಪಾಪಣ್ಣ ಎರಡು ತಿಂದ. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ.

ಸೋಮವಾರ ಶಿಫ್ಟು ಶುರುವಾಗುವ ಮೊದಲು ಪಾಪಣ್ಣ ನನ್ನನ್ನು ಕರೆದುಕೊಂಡು ಸೂಪರ್‌ವೈಸರ್ ಹತ್ತಿರ ಹೋಗಿ, ತನಗೆ ಕಿವಿ ಕೇಳಿಸುವುದಿಲ್ಲ ಎಂದು ತಾನೇ ಹೇಳಿದ. ನಾನು ಅವನನ್ನು ಬಿಟ್ಟುಕೊಡಲಿಲ್ಲ, ಮೂರು ವರ್ಷದ ಕಿವಿ ನನ್ನದೇ ಎಂದೆ. ಒಳ್ಳೆಯ ಮನುಷ್ಯ, ಕೆಲಸದಿಂದ ತೆಗೆಯದೆ ಅವನನ್ನು ಸ್ಟೋರಿಗೆ ಹಾಕಿದರು. ಸುತ್ತಿಗೆ ನನ್ನ ಕೈಗೆ ಬಂತು. ಅವತ್ತಿನಿಂದ ನಾನೂ ಒಬ್ಬನೇ ತೀರ್ಮಾನ ಹೇಳಿದವನಲ್ಲ. ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿಕೊಂಡು ಕೇಳುತ್ತಿದ್ದೆ. ನನ್ನ ಹಿಂದೆಯೂ ಜನ ನಗುತ್ತಿದ್ದರು, ನಗಲಿ ಎಂದು ಬಿಟ್ಟಿದ್ದೆ.

ತಿಂಗಳ ಎರಡನೇ ಭಾನುವಾರ ಪಾಪಣ್ಣ ಒಗೆದ ಅಂಗಿ ಹಾಕಿಕೊಂಡು ಗಣಿ ಊರಿಗೆ ಹೋಗುವನು. ನಾನು ಅವನನ್ನು ಬಸ್ ನಿಲ್ದಾಣದ ತನಕ ಗಾಡಿಯಲ್ಲಿ ಬಿಡುತ್ತಿದ್ದೆ. ಬರುವಾಗ ರೋಸಮ್ಮ ಕಟ್ಟಿಕೊಟ್ಟ ಪಣಿಯಾರ ನಮ್ಮ ಮನೆಗೂ ಬರುತ್ತಿತ್ತು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಂದು ತಿಂಗಳೂ ತಪ್ಪಲಿಲ್ಲ. ಮಧ್ಯೆ ಅವನಿಗೆ ಕೆಮ್ಮು ಹಿಡಿಯಿತು. ಕಲ್ಲಿನ ಧೂಳು ಎದೆಯಲ್ಲಿ ಕೂತಿದೆ, ತೆಗೆಯಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಅವನು ತೀರಿಹೋದದ್ದು ರೋಸಮ್ಮನ ಮನೆಯಲ್ಲೇ. ಹೋದವನಿಗೆ ತಿರುಗಿ ಬರಲು ಆಗಲಿಲ್ಲ, ಒಂದು ವಾರ ಅವಳೇ ನೋಡಿಕೊಂಡಳಂತೆ. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಆ ಸಲ ಅವನನ್ನು ಬಸ್ಸಿಗೆ ಬಿಟ್ಟವನೂ ನಾನೇ. ಬೇಡ ಅಣ್ಣ, ಈ ತಿಂಗಳು ಬಿಡು, ನಾನು ಹೋಗಿ ರೋಸಮ್ಮನಿಗೆ ಹೇಳಿ ಬರುತ್ತೇನೆ ಎಂದು ಮನೆಯಿಂದಲೇ ಬೇಡಿಕೊಂಡಿದ್ದೆ. "ಕಾಲಿನ್ನೂ ಐತೆ ಕಣ್ಲಾ" ಎಂದಿದ್ದ. ದಾರಿಯಲ್ಲಿ ಮಾತಿಲ್ಲ, ಬೆನ್ನಿಗೆ ಅವನ ಉಸಿರು ಮಾತ್ರ ತಾಗುತ್ತಿತ್ತು. ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿ, ಇಳಿದು, ಎದುರಿಗೆ ನಿಂತು, ತುಟಿ ಕಾಣುವ ಹಾಗೆ ಕೇಳಿದೆ: "ನಿಜ ಹೇಳಣ್ಣ. ಎದೆ ಹೆಂಗೈತೆ?"

ಅವನು ನನ್ನ ಭುಜ ಹಿಡಿದು ಮೆಲ್ಲಗೆ ಆ ಕಡೆಗೆ ತಿರುಗಿಸಿದ. ನನ್ನ ಬೆನ್ನಿನ ಮೇಲೆ ಆ ಗೆಣ್ಣು ಒಂದು ಸಲ ತಾಗಿತು. ಅಷ್ಟಕ್ಕೇ ನಿಲ್ಲಲಿ ಎಂದು ನಾನು ಬೇಡಿಕೊಳ್ಳುತ್ತ ನಿಂತಿದ್ದೆ. ಪಾಪಣ್ಣ ಇನ್ನೊಂದು ಸಲ ತಟ್ಟಿ ಬಸ್ಸು ಹತ್ತಿದ.